ತಪ್ಪು ಕನ್ನಡದ ದೊರೆ

1987ರ ಜೂನ್ 11, ಗುರುವಾರ ಬೆಳಿಗ್ಗೆ ಆರೂವರೆಗೆ ಜಯನಗರ ಒಂಬತ್ತನೇ ಬ್ಲಾಕಿನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ವಯಸ್ಸು ಅರವತ್ತೆಂಟು. ಕಾರಣ ಹೃದಯಾಘಾತ. ಮರುದಿನ ನಮ್ಮ ಪತ್ರಿಕೆಯ ಐದನೇ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಎರಡನೇ ವಾಕ್ಯ ಹೀಗಿತ್ತು: "ತಮ್ಮ ಹರಕು ಮುರುಕು ಕನ್ನಡದಿಂದ ಎರಡು ದಶಕ ಚಿತ್ರರಸಿಕರನ್ನು ರಂಜಿಸಿದ್ದರು." ಅದನ್ನು ನಾನು ಬರೆದಿರಲಿಲ್ಲ. ಅವತ್ತು ರಜೆ ಹಾಕಿ ಅವರ ಮನೆಯ ಮುಂದೆ ಕುರ್ಚಿ ಜೋಡಿಸುತ್ತಿದ್ದೆ. ಬರೆದವರ ತಪ್ಪೂ ಅಲ್ಲ. ಊರಿಗೆ ಗೊತ್ತಿದ್ದದ್ದೇ ಅಷ್ಟು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ಅದು ಮೂರು ಥರ ಬಂದಿದೆ, ಮೂರೂ ತಪ್ಪು. ಎಷ್ಟೋ ಸಲ ಬಂದೇ ಇಲ್ಲ. ಬೀದಿಯಲ್ಲಿ ಹಾಲಿನವರಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ಅವರು ದೊರೆ. ಹೆಂಡತಿ ಸುಶೀಲಮ್ಮ ಕೂಡ ಸಿಟ್ಟು ಬಂದಾಗ "ದೊರೆಗಳು ಊಟಕ್ಕೆ ಏಳ್ತೀರೋ ಇಲ್ವೋ" ಎನ್ನುತ್ತಿದ್ದರು.

1974ರ ಡಿಸೆಂಬರಿನಲ್ಲಿ ನಾನು ಪಕ್ಕದ ಮನೆಗೆ ಬಾಡಿಗೆಗೆ ಬಂದೆ. ಒಂಬತ್ತನೇ ಬ್ಲಾಕು ಆಗ ಊರಿನ ಅಂಚು. ನಮ್ಮ ಬೀದಿಯ ಕೊನೆಯಲ್ಲಿ ಟಾರು ನಿಂತು ರಾಗಿಯ ಹೊಲ ಶುರುವಾಗುತ್ತಿತ್ತು. ಬಂದ ಮೂರನೇ ದಿನ ಬೆಳಿಗ್ಗೆ ಕಾಂಪೌಂಡಿನ ಆಚೆ ಒಬ್ಬ ಗಂಡಸು ಅವರೆಕಾಯಿ ಮಾರುವವಳ ಹತ್ತಿರ ತಕರಾರು ಮಾಡುತ್ತಿದ್ದುದು ಕೇಳಿಸಿತು.

"ಇದ್ಯಾವ ಸೊಗಡವ್ವ? ನೀನೇ ಮೂಸ್ನೋಡು. ಸೊಗಡವರೆ ಅಂದ್ರೆ ಕೈಗೆ ಎಣ್ಣೆ ಹತ್ಬೇಕು. ನಿಂದು ಬರೀ ಸಿಪ್ಪೆ."

"ಹೂಂ ಕಣಪ್ಪ, ನಿಂಗೆ ಕೊಟ್ಟು ನಾನು ಉದ್ಧಾರ ಆದಂಗೆ."

ಅರಸೀಕೆರೆಯ ಕಡೆಯವರು ಯಾರೋ ನೆರೆಯಲ್ಲಿದ್ದಾರೆ ಎಂದುಕೊಂಡೆ. ನನ್ನ ಅಜ್ಜಿಯ ಊರು ಅಲ್ಲಿಗೆ ಹತ್ತಿರ, ಆ ರಾಗ ಗೊತ್ತಿತ್ತು. ಎದ್ದು ನೋಡಿದರೆ ಪಟ್ಟೆ ಪೈಜಾಮದ, ಆರಡಿ ಎತ್ತರದ, ಕೆಂಪು ಮುಖದ ಇಂಗ್ಲಿಷಿನವರೊಬ್ಬರು ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು ಅವರೆಕಾಯಿ ಬಿಡಿಸಿ ಮೂಸುತ್ತಿದ್ದರು. ಕಣ್ಣು ಬೂದು. ಬಾಯಲ್ಲಿ ಬೀಡಿ. ನನ್ನನ್ನು ನೋಡಿ, "ಪೇಪರ್ನೋರಂತೆ? ನಿಮ್ಮ ಪೇಪರ್ನಲ್ಲಿ ಇವತ್ತು 'ಬಲಿ' ಇರೋ ಕಡೆ 'ಬಳಿ' ಹಾಕಿದ್ದೀರಿ. ನರಬಳಿ ಅಂದ್ರೆ ಏನು ಸಾರ್, ಪಕ್ಕದ ಮನೆಯೋರಾ?" ಎಂದರು. ನಾನು ನಕ್ಕೆ. ಆ ಪುಟ ನೋಡಿದ್ದು ನಾನೇ ಎಂದು ಅವತ್ತು ಹೇಳಲಿಲ್ಲ.

ಅವರು ಹುಟ್ಟಿದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ತಂದೆ ಯಾರ್ಕ್‌ಷೈರಿನಿಂದ ಬಂದಿದ್ದ ಹಳಿ ಇನ್ಸ್‌ಪೆಕ್ಟರು. ತಾಯಿ ಇವರಿಗೆ ಆರು ವರ್ಷವಾಗಿದ್ದಾಗ ಜ್ವರದಲ್ಲಿ ಹೋದರು. ಆಮೇಲೆ ಸಾಕಿದ್ದು ಹಳಿ ರಿಪೇರಿ ಗ್ಯಾಂಗಿನ ಕೂಲಿಯೊಬ್ಬನ ಹೆಂಡತಿ, ಲಕ್ಕಮ್ಮ. ಓದಿದ್ದು ಪುರಸಭೆಯ ಕನ್ನಡ ಶಾಲೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ತಂದೆ ಮತ್ತು ಅಣ್ಣ ಹಡಗು ಹತ್ತಿದರು. ಇವರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಹಿಡಿದು, ತುಮಕೂರಿನ ನರ್ಸ್ ಸುಶೀಲಮ್ಮನನ್ನು ಮದುವೆಯಾಗಿ ಉಳಿದುಕೊಂಡರು. ಯಾಕೆ ಹೋಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ಹೋಗಿ ಯಾರ ಹತ್ರ ಮಾತಾಡ್ಲಿ?" ಎಂದು ನನ್ನನ್ನೇ ಕೇಳಿದರು.

ಸಿನಿಮಾ ಬಂದದ್ದು ಆಕಸ್ಮಿಕ. ಅರವತ್ತರ ದಶಕದ ನಡುವೆ ಕಾರ್ಖಾನೆಯ ಗೇಟಿನಲ್ಲಿ ಯಾರೋ ನಿರ್ಮಾಣದ ಮ್ಯಾನೇಜರು ಇವರ ಬಣ್ಣ ನೋಡಿ ಕಲೆಕ್ಟರ್ ಪಾತ್ರಕ್ಕೆ ಕರೆದರು. ಅಲ್ಲಿಂದ ರಜೆ ಹಾಕಿ ಹಾಕಿ ಮದ್ರಾಸಿಗೆ, ಮೈಸೂರಿಗೆ ಹೋಗಿ ನಟಿಸಿದರು. ಕಲೆಕ್ಟರು, ಕ್ಯಾಪ್ಟನ್ನು, ಪಾದ್ರಿ, ಕಾಫಿ ತೋಟದ ಯಜಮಾನ, ಸೇತುವೆ ಕಟ್ಟುವ ಎಂಜಿನಿಯರು, ಹುಲಿ ಹೊಡೆಯಲು ಬಂದು ಹುಲಿಯ ಬಾಯಿಗೆ ಬೀಳುವ ಶಿಕಾರಿ. ಎಪ್ಪತ್ತರ ದಶಕದಲ್ಲಿ ಐತಿಹಾಸಿಕ ಚಿತ್ರಗಳು ಕಡಿಮೆಯಾಗಿ ಕಳ್ಳಸಾಗಣೆಯ ಕಥೆಗಳು ಬಂದಾಗ, ಕಪ್ಪು ಕನ್ನಡಕ ಹಾಕಿ ಚಿನ್ನದ ಗಟ್ಟಿ ಪರೀಕ್ಷಿಸುವ ವಿದೇಶಿ ಪಾಲುದಾರನಾದರು. ತಮ್ಮ ಸಾವುಗಳ ಪಟ್ಟಿಯನ್ನು ಅವರೇ ಹೇಳುತ್ತಿದ್ದರು: ಗುಂಡೇಟು ಏಳು ಸಲ, ಬಾಣ ಎರಡು ಸಲ, ಆನೆ ಒಂದು ಸಲ, ಹುಲಿ ಒಂದು ಸಲ. ಹುಲಿಯದು ಬರೀ ಚರ್ಮವಂತೆ, ನುಸಿ ವಾಸನೆ ಹೊಡೆಯುತ್ತಿತ್ತಂತೆ. "ಸಾಯೋ ಮೊದ್ಲು ಮೂರು ಸಲ ಸೀನಿದೆ" ಎಂದಿದ್ದರು.

ಹಾಲಿನ ಡಬ್ಬ ಹಿಡಿದು ಬೀದಿಯಲ್ಲಿ ಬರುವಾಗ ಮಕ್ಕಳು ಕಡ್ಡಿಯ ಬಂದೂಕು ತೋರಿಸಿ ಅಡ್ಡ ನಿಲ್ಲುತ್ತಿದ್ದರು. ಇವರು ಡಬ್ಬವನ್ನು ಹುಷಾರಾಗಿ ಕೆಳಗಿಟ್ಟು, ಎರಡೂ ಕೈ ಎತ್ತಿ, "ನಮ್ಗೆ ಕೊಲ್ಲಬೇಡಿ, ನಾವು ಲಂಡನ್‌ಗೆ ಹೋಗ್ತದೆ" ಎನ್ನುತ್ತಿದ್ದರು. ಆಮೇಲೆ ಡಬ್ಬ ಎತ್ತಿಕೊಂಡು, "ಲೇ, ಇಸ್ಕೂಲಿಗೆ ಹೊತ್ತಾಗಲ್ವೇನ್ರಲೇ" ಎಂದು ಗದರುತ್ತಿದ್ದರು. ಮಕ್ಕಳು ಮೊದಲನೆಯದನ್ನು ನಿಜವಾದ ದೊರೆ ಎಂದೂ ಎರಡನೆಯದನ್ನು ಆಟ ಎಂದೂ ತಿಳಿದಿದ್ದರು.

ಸಿನಿಮಾದ ದೊರೆ ತಪ್ಪು ಕನ್ನಡ ಆಡಬೇಕು. ಅದು ಆಗಿನ ನಿಯಮ. ಸಂಭಾಷಣೆ ಬರೆಯುವವರು ಸರಿಯಾದ ವಾಕ್ಯವನ್ನೇ ಬರೆದು, ಪಕ್ಕದಲ್ಲಿ "ದೊರೆ ಶೈಲಿ" ಎಂದು ಗುರುತು ಹಾಕಿ ಕಳಿಸುತ್ತಿದ್ದರು. ಆ ವಾಕ್ಯವನ್ನು ಒಡೆಯುವ ಕೆಲಸ ನಟನದ್ದು. ಬೇರೆಯವರು ನಾಲಿಗೆಗೆ ಬಂದಂತೆ ಒಡೆಯುತ್ತಿದ್ದರು. ಇವರ ಬಳಿ ಅದಕ್ಕೊಂದು ನೋಟ್‌ಬುಕ್ ಇತ್ತು. ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರ ಅಕ್ಷರ, ಒಂದೇ ಎತ್ತರ, ಒಂದೇ ಅಂತರ. ಪಾತ್ರ ಒಪ್ಪಿಕೊಂಡ ಮೇಲೆ ಮೊದಲು ಕೇಳುತ್ತಿದ್ದ ಪ್ರಶ್ನೆ: ಈ ಮನುಷ್ಯ ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಕನ್ನಡ ಕಲಿತದ್ದು ಯಾರಿಂದ? ನಿರ್ದೇಶಕರ ಬಳಿ ಉತ್ತರ ಇರುತ್ತಿರಲಿಲ್ಲ. ತಾವೇ ಬರೆದುಕೊಳ್ಳುತ್ತಿದ್ದರು.

ನನಗೆ ಅದನ್ನು ತೋರಿಸಿದ್ದು ಪರಿಚಯವಾಗಿ ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ, ಕಾಫಿ ಕುಡಿಯುತ್ತಾ. ಕಲೆಕ್ಟರು ಬಂದು ಎರಡು ವರ್ಷ, ಪಾಠ ಹೇಳುವ ಮುನ್ಶಿಯಿಂದ ಕಲಿತವನು, ಅವನಿಗೆ ಲಿಂಗ ಸಿಕ್ಕಿಲ್ಲ, "ಮಳೆ ಬಂದಳು" ಎನ್ನುತ್ತಾನೆ, ಆದರೆ ಮಹಾಪ್ರಾಣ ಒಂದೂ ತಪ್ಪುವುದಿಲ್ಲ. ಪಾದ್ರಿ ಬಂದು ಹದಿನೈದು ವರ್ಷ, ಪುಸ್ತಕದಿಂದ ಕಲಿತವನು, ವ್ಯಾಕರಣ ಪಕ್ಕಾ, ಆದ್ದರಿಂದಲೇ ಬಾವಿಕಟ್ಟೆಯಲ್ಲಿ ಹೆಂಗಸರನ್ನು "ತಾವು ಕ್ಷೇಮವಾಗಿರುವಿರೋ" ಎಂದು ಕೇಳುತ್ತಾನೆ. ಎಂಜಿನಿಯರು ಕೂಲಿಗಳಿಂದ ಕಲಿತವನು, ಅರ್ಧ ತೆಲುಗು. ಕಳ್ಳಸಾಗಣೆಯವನಿಗೆ ಎಣಿಕೆ ಮಾತ್ರ ಸ್ಪಷ್ಟ.

"ಎಲ್ಲಾ ಒಂದೇ ಥರ ತಪ್ಪು ಮಾಡಿದ್ರೆ ಅವರೆಲ್ಲಾ ಒಬ್ನೇ ಆಗೋಗ್ತಾರಲ್ಲ ಸಾರ್" ಎಂದರು.

ತೋಟದ ಯಜಮಾನನ ಪಾತ್ರದ ಪುಟ ನನಗೆ ಚೆನ್ನಾಗಿ ನೆನಪಿದೆ. ಇಪ್ಪತ್ತೆರಡು ವರ್ಷ ಇದ್ದವನು, ತಪ್ಪೇ ಮಾಡಬಾರದು ಎಂದು ಬರೆದಿದ್ದರು. ಅದರ ಕೆಳಗೆ: "ಇವನಿಗೆ ಅಪ್ಪಣೆಯ ರೂಪ ಮಾತ್ರ ಗೊತ್ತು. ಬಾ, ಹೋಗು, ತಾ, ಎತ್ತು. ಕೇಳಿಕೊಳ್ಳುವ ರೂಪ ಇವನಿಗೆ ಬೇಕಾಗಿರಲಿಲ್ಲ." ಆ ಚಿತ್ರವನ್ನು ನಾವಿಬ್ಬರೂ ಮ್ಯಾಟಿನಿಗೆ ಹೋಗಿ ನೋಡಿದೆವು. ಕೊನೆಯಲ್ಲಿ ಆಳುಗಳು ದಂಗೆಯೆದ್ದು ಯಜಮಾನನನ್ನು ಮರಕ್ಕೆ ಕಟ್ಟುತ್ತಾರೆ. ಅವನು ಪ್ರಾಣಭಿಕ್ಷೆ ಬೇಡಬೇಕು. ಬೇಡುವ ಮಾತು ಬಾರದೆ, ಅಳುತ್ತಾ, "ನನ್ನ ಬಿಡು. ನೀರು ಕೊಡು. ಹಗ್ಗ ಬಿಚ್ಚು" ಎಂದು ಅಪ್ಪಣೆಯನ್ನೇ ಮಾಡುತ್ತಾನೆ. ಪೊಗರು ನೋಡು ಎಂದು ನನ್ನ ಹಿಂದಿನ ಸಾಲಿನವರು ಬೈದರು. ನಾನು ಪಕ್ಕಕ್ಕೆ ತಿರುಗಿದೆ. ದೊರೆ ಪರದೆಯನ್ನು ನೋಡದೆ ಹಿಂದಿನ ಸಾಲಿಗೆ ಕಿವಿಗೊಟ್ಟಿದ್ದರು. ಹೊರಗೆ ಬಂದು ಯಡಿಯೂರು ಕೆರೆಯವರೆಗೆ ನಡೆದೆವು. ಅಲ್ಲಿ ದೊರೆ, "ಬೈದ್ರು ಅಲ್ವಾ? ಸರಿಯಾಗಿ ಬೈದ್ರು" ಎಂದರು.

ಆ ಚಿತ್ರದ ವಿಮರ್ಶೆ ನಮ್ಮ ಪತ್ರಿಕೆಯಲ್ಲೂ ಬಂತು. ದೊರೆಯ ಬಗ್ಗೆ ಇದ್ದದ್ದು ಒಂದು ಪದ: ಪರವಾಗಿಲ್ಲ.

ಬೀದಿಯ ಆಚೆ ಅವರಿಗೆ ಕನ್ನಡ ಬರುತ್ತದೆ ಎಂದು ಯಾರೂ ನಂಬುತ್ತಿರಲಿಲ್ಲ. ರೇಷನ್ ಕಚೇರಿಯಲ್ಲಿ, ಬಸ್ಸಿನಲ್ಲಿ, ನಾಲ್ಕನೇ ಬ್ಲಾಕಿನ ತರಕಾರಿ ಮಾರ್ಕೆಟ್ಟಿನಲ್ಲಿ ಜನ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಉತ್ತರಿಸುತ್ತಿದ್ದರು. ಇವರ ಮಾತು ಕಿವಿಗೆ ಬಿದ್ದರೂ ಕಣ್ಣು ಒಪ್ಪುತ್ತಿರಲಿಲ್ಲ. ಕನ್ನಡ ಬರುತ್ತಾ ಸಾರ್ ಎಂದು ಯಾರಾದರೂ ಆಶ್ಚರ್ಯಪಟ್ಟರೆ, "ಸ್ವಲ್ಪ ಸ್ವಲ್ಪ" ಎಂದು ಮುಂದೆ ಹೋಗುತ್ತಿದ್ದರು.

ಎಂಬತ್ತರ ದಶಕದ ಆರಂಭದ ಒಂದು ನವೆಂಬರಿನಲ್ಲಿ ನಮ್ಮ ಬಡಾವಣೆಯ ಮೈದಾನದಲ್ಲಿ ರಾಜ್ಯೋತ್ಸವ ನಡೆಯಿತು. ಕನ್ನಡ ಸಂಘದವರು ಮನೆಗೆ ಬಂದು ದೊರೆಯನ್ನು ವೇದಿಕೆಗೆ ಕರೆದರು. ಇವರು ಒಂದು ವಾರ ತಯಾರಿ ಮಾಡಿಕೊಂಡರು. ಅರಸೀಕೆರೆಯ ಶಾಲೆಯ ಬಗ್ಗೆ, ಅಲ್ಲಿಯ ಮೇಷ್ಟರ ಬಗ್ಗೆ ಹತ್ತು ನಿಮಿಷದ ಮಾತು. ಸುಶೀಲಮ್ಮನ ಮುಂದೆ ಎರಡು ಸಲ ಹೇಳಿ ನೋಡಿದ್ದರು. ವೇದಿಕೆಯಲ್ಲಿ ಮೈಕಿನ ಮುಂದೆ ನಿಂತು, "ಎಲ್ಲರಿಗೂ ನಮಸ್ಕಾರ" ಎಂದರು. ಚಪ್ಪಾಳೆ ಬಿತ್ತು. ನಿಲ್ಲಲಿಲ್ಲ. ಅಧ್ಯಕ್ಷರು ಎದ್ದು ಬಂದು ಶಾಲು ಹೊದಿಸಿದರು, ಹಾರ ಹಾಕಿದರು, ಮೈಕು ತೆಗೆದುಕೊಂಡು, ಇಂಗ್ಲೆಂಡಿನವರೇ ಕನ್ನಡ ಮಾತಾಡುವಾಗ ನಮಗೇನು ಕಷ್ಟ ಎಂದು ಜನರನ್ನು ಕೇಳಿದರು. ಕಾರ್ಯಕ್ರಮ ಮುಂದುವರಿಯಿತು. ದೊರೆ ಹಾರದ ಸಮೇತ ಬಂದು ನನ್ನ ಪಕ್ಕದಲ್ಲಿ ಕೂತರು.

ಅವತ್ತು ಮನೆಗೆ ನಡೆದು ಬರುವಾಗ ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ಹದಿನೈದು ವರ್ಷದ ಮೇಲಾಯ್ತು ಸಾರ್. ಒಂದೇ ಒಂದು ಸಲ, ಒಂದು ಸೀನು, ನಮ್ಮನೇಲಿ ಮಾತಾಡ್ತೀನಲ್ಲ ಹಂಗೆ ಮಾತಾಡಿಬಿಟ್ರೆ ಸಾಕು. ಆಮೇಲೆ ಇನ್ನೂ ಹತ್ತು ಸಲ ಗುಂಡು ಹೊಡೀಲಿ."

ನನ್ನ ಹಳೆಯ ಸಹೋದ್ಯೋಗಿ ಪ್ರಭಾಕರ ಪತ್ರಿಕೆ ಬಿಟ್ಟು ಟಿ.ವಿ.ಗೆ ಧಾರಾವಾಹಿ ಮಾಡಲು ಹೊರಟಿದ್ದ. 1985ರಲ್ಲಿ ಒಬ್ಬ ಖಾಸಗಿ ನಿರ್ಮಾಪಕರು ಸಿಕ್ಕಿದರು. ಸಣ್ಣ ಊರಿನ ರೈಲು ನಿಲ್ದಾಣದ ಸುತ್ತ ನಡೆಯುವ ಕಥೆ. ಅದರಲ್ಲಿ ಒಬ್ಬ ನಿವೃತ್ತ ಗಾರ್ಡ್ ಇದ್ದ, ದೇಶ ಬಿಟ್ಟು ಹೋಗದೆ ಆ ಊರಿನಲ್ಲೇ ಉಳಿದ ಇಂಗ್ಲಿಷಿನವನು. ನಾನು ಪ್ರಭಾಕರನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದೆ. ದೊರೆ ಅರ್ಧ ಗಂಟೆ ಮಾತಾಡಿದರು. ಪ್ರಭಾಕರ ಗೇಟಿನ ಹೊರಗೆ ಬಂದು, "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಗುರು ಇವ್ರನ್ನ" ಎಂದ. ಮಾತು ಒಡೆಯುವ ಅಗತ್ಯವಿಲ್ಲ, ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಿ ಎಂದು ಹೇಳಿದ್ದ. ನೋಟ್‌ಬುಕ್ಕಿನಲ್ಲಿ ಗಾರ್ಡಿನ ಪುಟ ಖಾಲಿ ಇತ್ತು.

ಪಾತ್ರ ಮೂರು ಕಂತಿನದು. ಮೂರನೆಯದರಲ್ಲಿ ಮುಖ್ಯ ದೃಶ್ಯ: ರೈಲಿನಡಿ ಮಗನನ್ನು ಕಳೆದುಕೊಂಡ ನೆರೆಮನೆಯ ಹೆಂಗಸಿನ ಪಕ್ಕದಲ್ಲಿ ಗಾರ್ಡ್ ಕೂತು ಮಾತಾಡಬೇಕು. ಬರೆದ ಸಂಭಾಷಣೆಯಲ್ಲಿ ದೇವರು, ವಿಧಿ ಇದ್ದವು. ದೊರೆ ಅದನ್ನು ಬದಲಾಯಿಸಲು ಅನುಮತಿ ಕೇಳಿದರು. ಅವರ ತಾಯಿ ಸತ್ತ ದಿನ ಲಕ್ಕಮ್ಮ ಪಕ್ಕದಲ್ಲಿ ಕೂತು ಹೇಳಿದ ಮಾತು ಅದಕ್ಕಿಂತ ಸರಿಹೋಗುತ್ತದೆ ಎಂದರು. ಪ್ರಭಾಕರ ಒಪ್ಪಿದ. ಚಿತ್ರೀಕರಣದ ದಿನ ನಾನು ಹೋಗಿದ್ದೆ. ಚಿಕ್ಕಲಸಂದ್ರದ ಹತ್ತಿರ ಒಂದು ಹಳೆಯ ಹೆಂಚಿನ ಮನೆಯ ಜಗುಲಿ. ದೊರೆ ಆ ಹೆಂಗಸನ್ನು ನೋಡದೆ, ಎದುರಿನ ಬೇಲಿಯನ್ನು ನೋಡುತ್ತಾ ಹೇಳಿದರು:

"ಅಳಬ್ಯಾಡ ಅಂದ್ರೆ ಅಳು ನಿಲ್ತದಾ ಕಣವ್ವ? ಅತ್ತು ಮುಗಿಸ್ಕೋ. ಎಷ್ಟೊತ್ತಾದ್ರೂ ಆಗ್ಲಿ. ನಾನು ಇಲ್ಲೇ ಕೂತಿರ್ತೀನಿ."

ಹೆಚ್ಚೇನಿಲ್ಲ, ಅಷ್ಟೇ. ನಡುನಡುವೆ ಮೌನ ಸೇರಿ ಮೂರು ನಿಮಿಷ. ಲೈಟು ಹಿಡಿದಿದ್ದವರು ಮುಖ ಒರೆಸಿಕೊಂಡರು. ರಸ್ತೆಯ ಸದ್ದು ಬಂದಿತ್ತೆಂದು ಎರಡು ವಾರದ ಮೇಲೆ ದೊರೆಯನ್ನು ಕರೆಸಿ ಅದೇ ಮಾತುಗಳನ್ನು ಸ್ಟುಡಿಯೊದಲ್ಲಿ ಮತ್ತೆ ಹೇಳಿಸಿ ಸೇರಿಸಿದರು. ದೊರೆಯ ಕೆಲಸ ಮುಗಿಯಿತು.

ಆ ಕಂತು ಪ್ರಸಾರವಾಗುವ ಹಿಂದಿನ ದಿನ ಮಧ್ಯಾಹ್ನ ನಾಲ್ಕಕ್ಕೆ ಪ್ರಭಾಕರ ಫೋಟೊ ಮತ್ತು ಪ್ರಕಟಣೆ ಹಿಡಿದು ಕಚೇರಿಗೆ ಬಂದ. ಕೂತವನು ಏಳಲಿಲ್ಲ. ಫೋಟೊಗಳನ್ನು ಮೇಜಿನ ಮೇಲಿಟ್ಟು ಹೇಳಿದ.

"ದೊರೆ ವಾಯ್ಸ್ ಇಟ್ಕೊಳ್ಳಕ್ಕಾಗ್ಲಿಲ್ಲ ಗುರು."

ಕಾರಣ ಕೇಳಿದೆ. ನಿರ್ಮಾಪಕರ ಮನೆಯಲ್ಲಿ ನಾಲ್ಕು ಜನರನ್ನು ಕೂರಿಸಿ ಕಂತು ತೋರಿಸಿದ್ದರು. ನಾಲ್ವರದ್ದೂ ಒಂದೇ ಮಾತು. ಡಬ್ಬಿಂಗ್ ಕೆಟ್ಟದಾಗಿದೆ, ಇಂಗ್ಲಿಷಿನವನ ಮುಖಕ್ಕೆ ಯಾರೋ ಹಳ್ಳಿಯವನ ದನಿ ಅಂಟಿಸಿದ್ದೀರಿ. ಅದು ಅವರದೇ ದನಿ ಎಂದು ಪ್ರಭಾಕರ ಹೇಳಿದ. ಯಾರೂ ಒಪ್ಪಲಿಲ್ಲ. ಕೊನೆಗೆ ನಿರ್ಮಾಪಕರು ಒಬ್ಬ ಮಿಮಿಕ್ರಿ ಕಲಾವಿದರನ್ನು ಕರೆಸಿ, ಡಬ್ ಮಾಡಿದ ಹಾಗೆ ಕೇಳಿಸಬಾರದು ಎಂದು, ಮೂರೂ ಕಂತಿನ ದೊರೆಯ ಮಾತನ್ನು ತಪ್ಪು ಕನ್ನಡದಲ್ಲಿ ಡಬ್ ಮಾಡಿಸಿದರು. ಮೊದಲ ಎರಡು ಕಂತಿನಲ್ಲಿ ದೊರೆಗೆ ಇದ್ದದ್ದು ದೂರದಿಂದ ಒಂದೆರಡು ಮಾತು, ರೈಲಿನ ಸದ್ದಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಮೂರನೆಯದು ಹಾಗಲ್ಲ.

ನೀನು ಅವರಿಗೆ ಹೇಳಬೇಕಿತ್ತು ಎಂದೆ.

"ಹೇಳ್ಬೇಕಿತ್ತು. ಪಕ್ಕದ ಮನೇಲಿರೋನು ನೀನು. ನೀನು ಹೇಳ್ತೀಯಾ?"

ಅವನು ಹೋದ ಮೇಲೆ ಪ್ರಕಟಣೆಯನ್ನು ತಿದ್ದಿ ಅಚ್ಚಿಗೆ ಕೊಟ್ಟೆ. ಮರುದಿನ ಬೆಳಿಗ್ಗೆ ದೊರೆ ಕಾಂಪೌಂಡಿನ ಬಳಿ ಪತ್ರಿಕೆ ಹಿಡಿದು ನಿಂತಿದ್ದರು. ಕ್ಷೌರ ಆಗಿತ್ತು. ಒಳಗೆ ಸುಶೀಲಮ್ಮ ಕೋಡುಬಳೆ ಕರಿಯುತ್ತಿದ್ದ ವಾಸನೆ ಬರುತ್ತಿತ್ತು. ಇಡೀ ಬೀದಿಯನ್ನು ಸಂಜೆ ಏಳಕ್ಕೆ ಕರೆದಿದ್ದೇವೆ, ನಿಮ್ಮ ಮನೆಯ ನಾಲ್ಕು ಕುರ್ಚಿ ಬೇಕು ಎಂದರು. ಕುರ್ಚಿ ಎತ್ತಿ ಕೊಟ್ಟೆ. ಹೇಳುವುದಕ್ಕೆ ಬೆಳಗಿನಿಂದ ಸಂಜೆಯವರೆಗೆ ಸಮಯವಿತ್ತು. ಹೇಳಲಿಲ್ಲ.

ಸಂಜೆ ಮೂವತ್ತು ಜನ ಸೇರಿದ್ದರು. ದೊರೆ ಎಲ್ಲರ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದರು. ಜಗುಲಿಯ ದೃಶ್ಯ ಬಂತು. ಪರದೆಯ ಮೇಲೆ ಅವರು ಬೇಲಿಯನ್ನು ನೋಡುತ್ತಾ ಬಾಯಿ ತೆರೆದರು. ಕೀರಲು ದನಿಯೊಂದು ಹೇಳಿತು:

"ನೀನು ಅಲಬಾರ್ದು ಅಮ್ಮ. ಅಲು ಮುಗೀತಾನೆ. ನಾನು ಇಲ್ಲಿ ಕೂತಿರ್ತಾನೆ."

ಯಾರೋ ಮೊದಲು ನಕ್ಕರು. ಆಮೇಲೆ ಎಲ್ಲರೂ. ಕೆಟ್ಟ ನಗೆಯಲ್ಲ. ತಮ್ಮ ದೊರೆ ಎಂಬ ಸಲುಗೆಯ ನಗೆ. ಎದುರುಮನೆಯ ಮೇಷ್ಟರು ಹಿಂದೆ ತಿರುಗಿ, ಸಖತ್ತಾಗಿ ಮಾಡಿದ್ದೀರಿ ದೊರೆ ಎಂದರು. ದೊರೆ ಕೈ ಮುಗಿದರು. ಸುಶೀಲಮ್ಮ ಕೋಡುಬಳೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಕಂತು ಮುಗಿಯುವವರೆಗೆ ಹೊರಗೆ ಬರಲಿಲ್ಲ.

ಜನ ಹೋದ ಮೇಲೆ ದೊರೆ ನನ್ನ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿದರು. ಆಮೇಲೆ ಹೇಳಿದರು.

"ತಪ್ಪನ್ನೂ ತಪ್ಪಾಗಿ ಮಾಡಿದ್ದಾನೆ ಸಾರ್. ಮೂವತ್ತು ವರ್ಷ ಗಾರ್ಡ್ ಆಗಿದ್ದೋನು 'ನಾನು ಕೂತಿರ್ತಾನೆ' ಅನ್ನಲ್ಲ. ಳಕಾರ ಬೇಕಾದ್ರೆ ಹೋಗ್ಲಿ. 'ಕೂತಿರ್ತಾನೆ' ಅನ್ನಲ್ಲ."

ನಾನು ಕುರ್ಚಿ ಎತ್ತಿಕೊಳ್ಳಲು ಬಗ್ಗಿದೆ. ಅವರು ತಡೆದು ಕೇಳಿದರು.

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ನಿನ್ನೆ ನಾಲ್ಕು ಗಂಟೆಯಿಂದ."

ಅವರು ತಲೆಯಾಡಿಸಿದರು. "ಒಳ್ಳೇದಾಯ್ತು ಬಿಡಿ. ನಂಗೆ ಒಂದು ದಿನ ಜಾಸ್ತಿ ಸಿಕ್ತು."

ಕುರ್ಚಿಗಳನ್ನು ಅವರೇ ನಮ್ಮ ಮನೆಗೆ ತಂದಿಟ್ಟರು.

ಆ ದೃಶ್ಯ ಜನಪ್ರಿಯವಾಯಿತು. ಬಸ್ಸಿನಲ್ಲಿ, ಕಾಲೇಜುಗಳಲ್ಲಿ "ನಾನು ಇಲ್ಲಿ ಕೂತಿರ್ತಾನೆ" ಎನ್ನುವುದು ಕೆಲವು ತಿಂಗಳು ಚಾಲ್ತಿಯಲ್ಲಿತ್ತು. ಸಿನಿಮಾದವರು ಹುಡುಕಿಕೊಂಡು ಬಂದರು. ಒಂದು ಚಿತ್ರಕ್ಕೆ ದೊರೆ ಒಪ್ಪಿದರು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು, ಈ ಮನುಷ್ಯ ಬಂದು ಎಷ್ಟು ವರ್ಷ ಎಂದು ಬರೆದುಕೊಂಡು ಹೋದರು. ಮೊದಲ ಶಾಟಿಗೆ ನಿಂತಾಗ ನಿರ್ದೇಶಕರು, ಇದೆಲ್ಲ ಬೇಡ ಸಾರ್, ಸೀರಿಯಲ್‌ನಲ್ಲಿ ಮಾತಾಡಿದ್ರಲ್ಲ, ಅದೇ ಥರ ಮಾತಾಡಿ ಎಂದರಂತೆ. ಆ ದನಿ ತಮ್ಮದಲ್ಲ ಎಂದು ಇವರು ಹೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದು ಎಲ್ಲರೂ ನಕ್ಕರು. ದೊರೆ ಪ್ರಯತ್ನಪಟ್ಟರು. ತಮ್ಮನ್ನು ಅನುಕರಿಸಿದವನನ್ನು ಅನುಕರಿಸಲು ನಾಲ್ಕು ಟೇಕ್ ತೆಗೆದುಕೊಂಡರು. ಸರಿಹೋಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ಬಸ್ಸು ಹತ್ತಿ ಮನೆಗೆ ಬಂದರು. ಆಮೇಲೆ ಯಾವ ಸಿನಿಮಾದಲ್ಲೂ ನಟಿಸಲಿಲ್ಲ.

ಅದೇ ವಾರ ಧಾರಾವಾಹಿಯ ನಿರ್ಮಾಪಕರಿಗೆ ಒಂದು ಪುಟದ ಪತ್ರ ಬರೆದರು. ನನಗೆ ತೋರಿಸಿದರು, ಕಾಗುಣಿತ ನೋಡಲು ಎಂದು. ನೋಡುವಂಥದ್ದೇನೂ ಇರಲಿಲ್ಲ. ಧಾರಾವಾಹಿ ಮರುಪ್ರಸಾರವಾದರೆ ಆ ಮೂರು ನಿಮಿಷಕ್ಕೆ ಮಾತ್ರ ನನ್ನ ದನಿಯನ್ನು ಮತ್ತೆ ಹಾಕಬೇಕೆಂದು ಕೋರುತ್ತೇನೆ ಎಂದಿತ್ತು. ಹದಿನೈದು ದಿನಕ್ಕೆ ಉತ್ತರ ಬಂತು. ಮರುಪ್ರಸಾರದ ಅವಕಾಶ ಬಂದಾಗ ಖಂಡಿತ ಪರಿಶೀಲಿಸೋಣ, ಬೇಕಿದ್ದರೆ ನಿಮ್ಮನ್ನೇ ಕರೆಸಿ ಮತ್ತೆ ಹೇಳಿಸೋಣ ಎಂದು ಸೌಜನ್ಯದಿಂದ ಬರೆದಿದ್ದರು.

ಆ ದಿನ ಬೀಡಿ ಬಿಟ್ಟರು. ದನಿ ಒಡೆಯಬಾರದೆಂದು ಬೆಳಿಗ್ಗೆ ಜೇಷ್ಠಮಧುವಿನ ಕಷಾಯ ಕುಡಿಯತೊಡಗಿದರು. ಟಿ.ವಿ. ಕಾರ್ಯಕ್ರಮಗಳ ಪಟ್ಟಿ ಸೋಮವಾರ ನಮ್ಮ ಕಚೇರಿಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಮಂಗಳವಾರ ಬೆಳಿಗ್ಗೆ ಕಾಂಪೌಂಡಿನ ಬಳಿ ನಿಂತು, "ಏನಾದ್ರೂ ಇದೆಯಾ ಸಾರ್?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಹದಿನಾಲ್ಕು ತಿಂಗಳು ಇದು ನಡೆಯಿತು. ನಡುವೆ ಒಮ್ಮೆ ಅವರಿಗೆ ನೆಗಡಿಯಾಗಿ ದನಿ ಹೋಗಿತ್ತು. ಆ ಮಂಗಳವಾರ ಸುಶೀಲಮ್ಮ ಬಂದು ಕೇಳಿದರು. ಇಲ್ಲ ಎಂದಾಗ, ಸದ್ಯ, ಈ ವಾರ ಬೇಡವೇ ಬೇಡ ಎಂದರು.

ಕೊನೆಯ ಸಲ ಅವರು ಕೇಳಿದ್ದು 1987ರ ಜೂನ್ 9ರಂದು.

ಮರುಪ್ರಸಾರದ ಸೂಚನೆ ನಮ್ಮ ಕಚೇರಿಗೆ ಬಂದದ್ದು 1988ರ ಫೆಬ್ರುವರಿಯಲ್ಲಿ. ನಾನು ನಿರ್ಮಾಪಕರಿಗೆ ಫೋನ್ ಮಾಡಿದೆ. ಪತ್ರ ಅವರಿಗೆ ನೆನಪಿತ್ತು. ದೊರೆ ತೀರಿಕೊಂಡದ್ದು ತಿಳಿದಿರಲಿಲ್ಲ, ನಿಜವಾಗಿ ನೊಂದುಕೊಂಡರು. ದೊರೆ ಸ್ಟುಡಿಯೊದಲ್ಲಿ ಹೇಳಿದ ಮೊದಲ ಧ್ವನಿಮುದ್ರಣ ಇದೆಯೇ ಎಂದು ಕೇಳಿದೆ. ಹುಡುಕಿಸಿ ಹೇಳುತ್ತೇನೆ ಎಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು.

"ಆ ಟೇಪ್ ಮೇಲೆ ಬೇರೆ ರೆಕಾರ್ಡ್ ಆಗೋಗಿದೆ ಸಾರ್. ಒಂದು ಮದುವೆದು."

ಇದನ್ನು ನಾನು ಅದೇ ಸಂಜೆ ಸುಶೀಲಮ್ಮನಿಗೆ ಹೇಳಿದೆ. ಅವರು, ಎಷ್ಟು ಗಂಟೆಗೆ ಬರುತ್ತದೆ ಎಂದು ಮಾತ್ರ ಕೇಳಿದರು.

ಮೂರನೇ ಕಂತು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮತ್ತೆ ಪ್ರಸಾರವಾಯಿತು. ದನಿ ಬದಲಾಗಿರಲಿಲ್ಲ. ನಾನು ಅವರ ಮನೆಯಲ್ಲಿದ್ದೆ, ಬೇರೆ ಯಾರೂ ಇರಲಿಲ್ಲ. ಜಗುಲಿಯ ದೃಶ್ಯ ಬಂದಾಗ ಸುಶೀಲಮ್ಮ ಎದ್ದು ಹೋಗಿ ಟಿ.ವಿ.ಯ ಸದ್ದಿನ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲೇ ನೆಲದ ಮೇಲೆ ಕೂತು ನೋಡಿದರು. ದೃಶ್ಯ ಮೂರು ನಿಮಿಷ ನಡೆಯಿತು.